ಭರತದ ನೀರು

ಕೆಮಿಸ್ಟ್ರು ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದ್ದು ಮನೆ ಬಾಗಿಲಿಗೆ ಮೀನು ತರುವ ಹೆಂಗಸು. ಬುಟ್ಟಿಯನ್ನು ಜಗುಲಿಯ ಮೇಲಿಳಿಸಿ ಬಂಗುಡೆ ತೆಗೆದಿಡುತ್ತಾ, "ನಿಮ್ ಫ್ಯಾಕ್ಟ್ರಿಗೆ ಬತ್ತಿದ್ ಆ ಬಾಟ್ಲಿ ಸಾರ್ ಹೋದ್ರಂಬ್ರಲೆ. ಬೀಜಾಡಿಯವ್ರ್. ನಿಮ್ಗ್ ಗೊತ್ತಿಲ್ಯಾ?" ಎಂದಳು.

ನಾನು ಮೀನು ಬೇಡ ಎಂದೆ.

"ಎಂತಕ್? ನಿಮ್ಗೆ ನೆಂಟ್ರಾ? ಸೂತಕ ಇತ್ತಾ?"

"ನೆಂಟರಲ್ಲ."

"ಮತ್ತೆಂತ? ತಕಣಿ, ತಾಜಾ ಇತ್ತ್."

ಅವಳನ್ನು ಹಾಗೆಯೇ ಕಳಿಸಿಬಿಟ್ಟೆ. ಆ ದಿನ ನಮ್ಮ ಮನೆಯಲ್ಲಿ ಮೀನು ಮಾಡಲಿಲ್ಲ. ಹೆಂಡತಿ ಕೇಳಿದಾಗ ಹೊಟ್ಟೆ ಸರಿಯಿಲ್ಲ ಎಂದೆ. ಅದೂ ಸುಳ್ಳು. ಆ ಮನುಷ್ಯನ ವಿಷಯದಲ್ಲಿ ಒಂದು ಸುಳ್ಳು ಹೇಳಿದ ಮೇಲೆ ಮಿಕ್ಕವು ತಾವಾಗಿಯೇ ಬಂದಿವೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ. ಕೆಲಸದಲ್ಲಿ ಎಂದೂ ತಪ್ಪದ ಒಬ್ಬ ಮನುಷ್ಯ ತಮ್ಮ ಕಣ್ಣು, ತಮ್ಮ ಕೈ ತಪ್ಪಿತೆಂದು ನಂಬಿಕೊಂಡು ಸತ್ತರು. ಹಾಗೆ ನಂಬಿಸಿದವನು ನಾನು. ಅವರನ್ನು ಬಲ್ಲವರು ಇನ್ನೂ ಇದ್ದಾರೆ. ಅವರಿಗೆ ಇದು ತಿಳಿಯಬೇಕು.

ಕುಂದಾಪುರದಿಂದ ಬೈಂದೂರಿಗೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ, ಹೊಳೆಯ ದಂಡೆಯಲ್ಲಿ ನಮ್ಮ ಗೇರುಬೀಜದ ಕಾರ್ಖಾನೆಯಿತ್ತು. ಈಗ ಅಲ್ಲಿ ಮದುವೆಯ ಹಾಲ್ ಆಗಿದೆ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ಸ್ಟೋರಿನಲ್ಲಿ ಕೆಲಸಕ್ಕೆ ಸೇರಿದ್ದೆ. ಕೆಮಿಸ್ಟ್ರು ಗುರುವಾರ ಬರುತ್ತಿದ್ದರು. ಬ್ರಹ್ಮಾವರದ ಕಡೆಯ ಹಂಚಿನ ಕಾರ್ಖಾನೆ, ಗಂಗೊಳ್ಳಿಯ ಐಸ್ ಪ್ಲಾಂಟುಗಳು, ಮೀನೆಣ್ಣೆ ತೆಗೆಯುವ ಜಾಗ, ಬೈಂದೂರಿನ ಆಚೆ ಒಂದು ಸೋಪಿನ ಘಟಕ, ಹೀಗೆ ವಾರದ ಒಂದೊಂದು ದಿನ ಒಂದೊಂದು ಕಡೆ. ಯಾರಿಗೂ ಪೂರ್ತಿ ಸಂಬಳ ಕೊಟ್ಟು ಕೆಮಿಸ್ಟನ್ನು ಇಟ್ಟುಕೊಳ್ಳುವ ತಾಕತ್ತಿರಲಿಲ್ಲ. ಎಲ್ಲರೂ ಸೇರಿ ಇವರೊಬ್ಬರನ್ನು ಹಂಚಿಕೊಂಡಿದ್ದರು. ಅವರ ಪ್ರಯಾಣವೆಲ್ಲ ಬಸ್ಸಿನಲ್ಲಿ. ರೆಕ್ಸಿನ್ ಚೀಲವನ್ನು ಮೇಲೆ ಇಡದೆ ತೊಡೆಯ ಮೇಲೆ ಮಗುವಿನ ಹಾಗೆ ಕೂರಿಸಿಕೊಳ್ಳುತ್ತಿದ್ದರು. ಕಂಡಕ್ಟರುಗಳು, "ಎಂತ ಸಾರ್, ಮಗಿಗೆ ಟಿಕೆಟ್ ಬ್ಯಾಡ್ದಾ?" ಎಂದು ಕೇಳುತ್ತಿದ್ದರಂತೆ.

ಅದಕ್ಕೂ ಮೊದಲು ಅವರು ಮುಂಬಯಿಯ ಒಂದು ಬಣ್ಣದ ಕಾರ್ಖಾನೆಯಲ್ಲಿದ್ದರು. ಬಟ್ಟೆಗೆ ಹಾಕುವ ಬಣ್ಣ. ಅದು ಮುಚ್ಚಿದ ಮೇಲೆ ಊರಿಗೆ ಬಂದದ್ದು. ಮದುವೆಯಾದ ಹೊಸತರಲ್ಲಿ ಅವರ ಬೆವರಿನಿಂದ ತಲೆದಿಂಬು ಹಳದಿಯಾಗಿ, ಇವರಿಗೆ ಕಾಮಾಲೆ ಎಂದು ಹೆಂಡತಿ ಹೆದರಿದ್ದರಂತೆ. ಅದನ್ನು ಹೇಳಿಕೊಂಡು ಅವರೇ ನಗುತ್ತಿದ್ದರು.

ಬೀಜ ಒಡೆಯುವ ಹೆಂಗಸರಿಗೆ ಕೆಮಿಸ್ಟ್ ಎಂದರೆ ಔಷಧದ ಅಂಗಡಿಯವರು. ಮೊದಲನೇ ವಾರವೇ ಒಬ್ಬಳು ಎದ್ದು ಬಂದು, "ಹ್ವಾಯ್ ಸಾರ್, ಸೊಂಟ ನೋವಿಗೆ ಒಂದ್ ಮಾತ್ರಿ ಕೊಡಿ ಕಾಂಬ" ಎಂದಳು. ಅವರು ಆ ಮಾತ್ರೆ ತಮ್ಮ ಬಳಿ ಇಲ್ಲ ಎಂದು ಹೇಳಿ ಸುಮ್ಮನಾಗಲಿಲ್ಲ. ಎಷ್ಟು ಹೊತ್ತು ಕೂರುತ್ತೀರಿ, ಹ್ಯಾಗೆ ಕೂರುತ್ತೀರಿ ಎಂದು ಕೇಳಿದರು. ಮುಂದಿನ ಗುರುವಾರ ಸಾಹುಕಾರರ ಹತ್ತಿರ ವಾದ ಮಾಡಿ ಮಣೆಗಳನ್ನು ಎತ್ತರ ಮಾಡಿಸಿದರು. ಹೆಂಗಸರ ಕೈಗಳು ಗೇರಿನ ಸಿಪ್ಪೆಯ ಎಣ್ಣೆಗೆ ಕಪ್ಪಾಗಿರುತ್ತಿದ್ದವು. ಇವರ ಬೆರಳ ತುದಿಗಳೂ ಕಪ್ಪು. ನೀರಿನ ಪರೀಕ್ಷೆಗೆ ಬಳಸುವ ಬೆಳ್ಳಿಯ ಉಪ್ಪಿನ ಮದ್ದು ತಾಗಿದರೆ ಚರ್ಮ ಕಪ್ಪಾಗುತ್ತದೆ, ತೊಳೆದರೆ ಹೋಗುವುದಿಲ್ಲ. "ನೀವೂ ನಮ್ ಜಾತಿಯೇ ಸಾರ್, ಬನ್ನಿ, ಬೀಜ ಒಡೂಕೆ ಕೂಕಣಿ" ಎಂದು ಅವರು ಕರೆದರೆ ಇವರು ನಿಜವಾಗಿಯೂ ಹೋಗಿ ಕೂತರು. ಒಡೆದ ನಾಲ್ಕೈದರಲ್ಲಿ ಒಂದೂ ಇಡಿಯಾಗಿ ಬರಲಿಲ್ಲ. "ಸಾಹುಕಾರ್ರಿಗ್ ಹೇಳ್ಬೇಡಿ ಹೆಂಗಸ್ರೇ, ನನ್ ಕೆಲ್ಸ ಹೋತ್ತ್" ಎಂದರು. ಆ ನಗು ಇಡೀ ಶೆಡ್ಡಿಗೆ ಕೇಳಿತು.

ಏನನ್ನೇ ಆಗಲಿ ಮೂಗಿನ ಹತ್ತಿರ ಹಿಡಿದು ಮೂಸುವವರಲ್ಲ. ಪಾತ್ರೆಯನ್ನು ದೂರ ಇಟ್ಟು, ಅಂಗೈಯಿಂದ ಗಾಳಿಯನ್ನು ತಮ್ಮ ಕಡೆಗೆ ಮೆಲ್ಲಗೆ ಬೀಸಿಕೊಳ್ಳುವುದು. ಮದುವೆ ಮನೆಯಲ್ಲಿ ಎಲೆಗೆ ಪಾಯಸ ಬಡಿಸಿದರೂ ಅದೇ. ಬಡಿಸುವವನು, ಹಾಳಾಗಿದೆಯಾ ಎಂದು ಗಾಬರಿಯಾಗಬೇಕು.

ಅವರ ಬಾಯಲ್ಲಿ ಸಲೀಸಾಗಿ ಬರುತ್ತಿದ್ದ ಮಾತು "ಗೊತ್ತಿಲ್ಲೆ". ಕಲಿತವರು ಆ ಮಾತನ್ನು ಅಷ್ಟು ಸುಲಭವಾಗಿ ಹೇಳುವುದನ್ನು ನಾನು ಕಂಡಿರಲಿಲ್ಲ. "ಗೊತ್ತಿಲ್ಲೆ. ಕಂಡ್ ಹೇಳ್ತೆ" ಎನ್ನುವರು. ಕಂಡ ಮೇಲೆ ಹೇಳಿದ್ದನ್ನು ಬದಲಿಸುತ್ತಿರಲಿಲ್ಲ. ಗಂಗೊಳ್ಳಿಯಲ್ಲಿ ಒಂದು ಐಸ್ ಪ್ಲಾಂಟಿನ ನೀರಿನಲ್ಲಿ ಹೊಲಸು ಸೇರಿದೆಯೆಂದು ಅವರು ಹೇಳಿದಾಗ ಅದರ ಯಜಮಾನರು, "ಮೀನಿಗೆ ಹಾಕು ಐಸ್ ಸಾರ್, ನಿಮ್ ಶರಬತ್ತಿಗಲ್ಲ. ಒಂದ್ ಸೈನ್ ಹಾಕಿ" ಎಂದರಂತೆ. "ಆ ಮೀನ್ ತಿಂಬ್ದ್ ನಾನೇ ಅಲ್ದಾ?" ಎಂದು ಇವರು ಚೀಲ ಎತ್ತಿಕೊಂಡು ಬಂದುಬಿಟ್ಟರು. ಬಾವಿ ಸರಿಮಾಡಿಸಿದ ಮೇಲೆ ಅದೇ ಯಜಮಾನರು ರಿಕ್ಷಾ ಕಳಿಸಿ ಕರೆಸಿಕೊಂಡರು. ಬೀಜಾಡಿಯಲ್ಲಂತೂ ಬೇಸಿಗೆಯಲ್ಲಿ ಅವರ ಮನೆಯೆದುರು ತಂಬಿಗೆ ಹಿಡಿದ ಹೆಂಗಸರು ನಿಂತಿರುತ್ತಿದ್ದರು. ಕಡಲು ಹತ್ತಿರ. ಯಾರ ಬಾವಿಗೆ ಉಪ್ಪು ಬಂತು, ಯಾರದಕ್ಕೆ ಇನ್ನೂ ಇಲ್ಲ ಎಂದು ತಿಳಿಯಬೇಕು. ಅದಕ್ಕೆ ಅವರು ದುಡ್ಡು ಮುಟ್ಟಿದವರಲ್ಲ.

ನಮ್ಮ ಕಾರ್ಖಾನೆಯಲ್ಲೂ ಅವರ ಮುಖ್ಯ ಕೆಲಸ ಬಾವಿಯ ನೀರಿನದೇ. ಗೇರುಬೀಜವನ್ನು ಒಡೆಯುವ ಮೊದಲು ಹಬೆಯಲ್ಲಿ ಬೇಯಿಸಬೇಕು. ಹಬೆಗೆ ಬಾಯ್ಲರ್ ಬೇಕು, ಬಾಯ್ಲರಿಗೆ ಸಿಹಿನೀರು ಬೇಕು. ಉಪ್ಪುನೀರು ಹೋದರೆ ಒಳಗಿನ ಕಬ್ಬಿಣದ ಕೊಳವೆಗಳನ್ನು ತಿನ್ನುತ್ತದೆ. ನಮ್ಮ ಬಾವಿ ಹೊಳೆಯ ಬದಿಯಲ್ಲೇ ಇತ್ತು. ಬೇಸಿಗೆಯಲ್ಲಿ ಭರತದ ಹೊತ್ತಿಗೆ, ಎಂದರೆ ಕಡಲು ಏರಿ ಹೊಳೆಯೊಳಗೆ ನುಗ್ಗುವ ಹೊತ್ತಿಗೆ, ಬಾವಿಯ ತಳಕ್ಕೆ ಉಪ್ಪು ಸೇರುತ್ತಿತ್ತು. ಇಳಿತಕ್ಕೆ ಮತ್ತೆ ತೆಳುವಾಗುತ್ತಿತ್ತು. ಆದ್ದರಿಂದ ಒಂದು ನೀರನ್ನು ನೋಡಿದರೆ ಸಾಲದು. ಬಿಳಿ ದಾರ ಕಟ್ಟಿದ ಬಾಟ್ಲಿ ಇಳಿತಕ್ಕೆ, ಕೆಂಪು ದಾರದ್ದು ಭರತಕ್ಕೆ. ಕಲ್ಲು ಕಟ್ಟಿ ತಳಕ್ಕಿಳಿಸಿ ತುಂಬಿಸಬೇಕು. ಬಾಟ್ಲಿಯನ್ನು ಅದೇ ನೀರಿನಲ್ಲಿ ಮೊದಲು ಗಲಬರಿಸಿ ಚೆಲ್ಲಬೇಕು. ಬುಧವಾರ ತುಂಬಿಸಿಟ್ಟರೆ ಗುರುವಾರ ಅವರು ನೋಡುವರು. ಭರತದ ನೀರಿನಲ್ಲಿ ಉಪ್ಪು ಹೆಚ್ಚಾಯಿತೆಂದು ಅವರು ಹೇಳಿದ ದಿನದಿಂದ ಮಳೆ ಬರುವವರೆಗೆ ಮೇಲಿನ ಊರಿನಿಂದ ಟ್ಯಾಂಕರಿನಲ್ಲಿ ನೀರು ತರಿಸುವುದು.

ತುಂಬಿಸಿಡುವ ಕೆಲಸ ನನ್ನದು. "ಗಡಿಯಾರ ಕಾಂಬುದ್ ಬೇಡ, ದೋಣಿಯವ್ರನ್ ಕೇಣಿ. ಭರತ ಎಷ್ಟೊತ್ತಿಗ್ ಅಂದ್ ಅವ್ರಿಗ್ ಗೊತ್ತಿಪ್ದ್" ಎಂದು ಅವರೇ ನನಗೆ ಕಲಿಸಿದ್ದರು. ನನ್ನಂಥವನನ್ನೂ ನೀವು ಎಂದೇ ಮಾತನಾಡಿಸುತ್ತಿದ್ದರು. ಪರೀಕ್ಷೆ ಮಾಡುವಾಗ ಕರೆದು ತೋರಿಸುತ್ತಿದ್ದರು. ನೀರಿಗೆ ಹಳದಿ ಬಣ್ಣದ ಒಂದು ಮದ್ದು ಹಾಕಿ, ಮೇಲಿನಿಂದ ಬೆಳ್ಳಿಯ ಮದ್ದನ್ನು ಹನಿ ಹನಿಯಾಗಿ ಬಿಡುವುದು. ಬಿದ್ದಲ್ಲಿ ಒಡೆದ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಉಪ್ಪು ಮುಗಿದ ಕೂಡಲೇ ಮುಂದಿನ ಹನಿಗೆ ಇಡೀ ನೀರು ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ. ಆ ಹನಿಯಲ್ಲಿ ಕೈ ನಿಲ್ಲಬೇಕು. ಮದ್ದು ಎಷ್ಟು ಹೋಯಿತೋ ಅದರ ಮೇಲೆ ಉಪ್ಪಿನ ಲೆಕ್ಕ. ಆಗ ಅವರು ಉಸಿರು ಬಿಡುತ್ತಿರಲಿಲ್ಲ. ಬಣ್ಣ ತಿರುಗಿದ ಮೇಲೆ ನನ್ನ ಮುಖ ನೋಡಿ ನಗುವರು. ಅಷ್ಟು ವರ್ಷ ಮಾಡಿದ ಕೆಲಸ, ಆದರೂ ಪ್ರತಿಸಲ ಆ ನಗು ಬರುತ್ತಿತ್ತು.

ಆ ಬೇಸಿಗೆಯ ಒಂದು ಬುಧವಾರ ಹೊಳೆಯ ಆಚೆ ಕೋಳಿ ಕಾಳಗದ ಅಂಕವಿತ್ತು. ಭರತ ಮಧ್ಯಾಹ್ನದ ಮೇಲೆ. ಅಷ್ಟು ಹೊತ್ತಿಗೆ ಅಂಕ ಕಾವೇರಿರುತ್ತದೆ. ನಾನು ಬೆಳಿಗ್ಗೆ ಇಳಿತದಲ್ಲಿಯೇ ಎರಡೂ ಬಾಟ್ಲಿ ತುಂಬಿಸಿಟ್ಟು ದೋಣಿ ಹತ್ತಿದೆ. ಒಂದೇ ಬಾವಿ, ಒಂದೇ ನೀರು ಎಂದು ಅಂದುಕೊಂಡೆ. ಕುಡಿದು ನೋಡಿದ್ದೆ, ಸಿಹಿಯೇ ಇತ್ತು. ಮರುದಿನ ಅವರು ನೋಡಿದರು, ಎರಡೂ ಚೆನ್ನಾಗಿಯೇ ಬಂತು. ಏನೂ ಆಗಲಿಲ್ಲ. ಏನೂ ಆಗಲಿಲ್ಲವಲ್ಲ ಎಂದು, ಭರತ ಮತ್ತೆ ಮಧ್ಯಾಹ್ನಕ್ಕೆ ಬಿದ್ದ ಬುಧವಾರವೂ ಹಾಗೆಯೇ ಮಾಡಿದೆ. ಆಗ ಅಂಕ ಇರಲಿಲ್ಲ, ಊಟದ ಮೇಲಿನ ನಿದ್ದೆ ಇತ್ತು. ಮತ್ತೆ ಭರತ ಎಷ್ಟು ಹೊತ್ತಿಗಾದರೂ ಎರಡನ್ನೂ ಒಂದೇ ಸಲ ಇಳಿತಕ್ಕೆ ತುಂಬಿಸುವುದೇ ರೂಢಿಯಾಯಿತು.

ಅವರಿಗೆ ಅನುಮಾನ ಬಂದದ್ದುಂಟು. "ಎರಡೂ ಒಂದೇ ಬತ್ತ್ ಅಲ್ದಾ ಮಾರಾಯ್ರೆ. ಎಂತ ಇದ್?" ಎಂದು ಕೇಳಿದರು. ನಾನು ಯೋಚಿಸಲೂ ಇಲ್ಲ. "ಈ ಸಲ ಮಳಿ ಲಾಯ್ಕಾಯಿತ್ತಲೆ ಸಾರ್. ಬಾವಿಯಂಗೆ ನೀರ್ ತುಂಬಾ ಇತ್ತ್" ಎಂದೆ. ಮಳೆ ಚೆನ್ನಾಗಿ ಆದದ್ದು ನಿಜ. ಬಾವಿಯಲ್ಲಿ ನೀರು ಹೆಚ್ಚಿದ್ದರೆ ಉಪ್ಪು ತಡವಾಗಿ ಬರುತ್ತದೆ ಎಂಬುದೂ ನಿಜ. ಅದನ್ನು ಅವರೇ ನನಗೆ ಹೇಳಿಕೊಟ್ಟಿದ್ದರು. ಸ್ವಲ್ಪ ಹೊತ್ತು ಬಾವಿಯ ಕಡೆ ನೋಡಿ, "ಇಪ್ಪುಕೂ ಸಾಕ್" ಎಂದು ಒಪ್ಪಿಕೊಂಡರು. ಆ ವರ್ಷ ಟ್ಯಾಂಕರ್ ತರಿಸಲಿಲ್ಲ. ಸಾಹುಕಾರರಿಗೆ ಖುಷಿಯಾಯಿತು.

ಮಳೆಗೆ ಮೊದಲಿನ ಸೆಕೆಯ ದಿನಗಳಲ್ಲಿ, ಊಟ ಮುಗಿಸಿ ಹೆಂಗಸರು ಮಣೆಗೆ ಕೂರುವ ಹೊತ್ತಿಗೆ, ಬಾಯ್ಲರಿನ ಕೊಳವೆ ಒಡೆಯಿತು. ಬೆಂಕಿ ಹಾಕುತ್ತಿದ್ದ ಶೀನ ಎದುರಿಗೇ ಇದ್ದ. ಉಪ್ಪುಂದದವನು, ನನಗಿಂತ ಚಿಕ್ಕವನು, ಮಾತಿಗೊಂದು ತಮಾಷೆ ಮಾಡುವವನು. ಹಬೆ ಅವನ ಬಲಗೈಗೂ ಕುತ್ತಿಗೆಗೂ ಹೊಡೆಯಿತು. ಅವನ ಕೂಗನ್ನು ಬರೆಯಲಾರೆ.

ಒಡೆದ ಕೊಳವೆಯನ್ನು ಕತ್ತರಿಸಿ ಹೊರಗೆ ಹಾಕುವಷ್ಟರಲ್ಲಿ ಮಳೆ ಹಿಡಿದಿತ್ತು. ಕೆಮಿಸ್ಟ್ರು ಮಾಡಿನ ಕೆಳಗೆ ಕುಕ್ಕುರುಗಾಲಲ್ಲಿ ಕೂತು, ಅದರ ಒಳಮೈಯಲ್ಲಿ ಬೆರಳಾಡಿಸಿದರು. ಹುಳ ತಿಂದ ಹಾಗೆ ಗುಳಿ ಗುಳಿ. ಇದು ಉಪ್ಪು ಎಂದು ಅವರಿಗೆ ಆಗಲೇ ಗೊತ್ತಾಯಿತು. ಬಾವಿಯನ್ನು ಮತ್ತೆ ಪರೀಕ್ಷೆ ಮಾಡೋಣವೆಂದರೆ ಹೊಸ ಮಳೆಯ ನೀರು ಕಟ್ಟೆಯವರೆಗೆ ಬಂದಿತ್ತು. ಬೇಸಿಗೆಯ ಬಾವಿ ಇನ್ನು ಇರಲಿಲ್ಲ. ಉಳಿದವನು ನಾನೊಬ್ಬ.

"ಕೆಂಪ್ ದಾರದ್ ಬಾಟ್ಲಿ ಭರತಕ್ಕೇ ತುಂಬ್ಸದ್ದ್ ಅಲ್ದಾ?" ಎಂದು ಕೇಳಿದರು. ಕೂತಲ್ಲಿಂದಲೇ, ನನ್ನ ಕಡೆ ತಿರುಗದೆ.

"ಹೌದು ಸಾರ್."

"ಪ್ರತಿ ಸಲ?"

"ಪ್ರತಿ ಸಲ."

ಅವರು ಎದ್ದು ನಿಂತರು. ಕೈಯ ತುಕ್ಕನ್ನು ಪಂಚೆಗೆ ಒರೆಸಿಕೊಂಡರು. ಹಾಗೆ ಒರೆಸಿಕೊಳ್ಳುವ ಜನವೇ ಅಲ್ಲ. "ಹಾಂಗಾರೆ ನನ್ ಕಣ್ಣೇ" ಎಂದರು. ಕೆಂಪು ತಿರುಗುವ ಮೊದಲೇ ತಿರುಗಿತೆಂದು ಕಂಡು ಕೈ ನಿಲ್ಲಿಸಿರಬೇಕು, ಅದಕ್ಕೇ ಉಪ್ಪು ಕಡಿಮೆ ಬಂದಿರಬೇಕು, ಎಂದು ಅವರ ಲೆಕ್ಕ. ನನ್ನ ಮಾತನ್ನು ಒಂದು ಪಕ್ಕಕ್ಕೆ, ತಮ್ಮ ಕಣ್ಣನ್ನು ಇನ್ನೊಂದು ಪಕ್ಕಕ್ಕೆ ಇಟ್ಟು ತೂಗಿ, ನನ್ನ ಮಾತನ್ನು ನಂಬಿದರು.

ಯಾಕೆ ಸುಳ್ಳು ಹೇಳಿದೆ ಎಂದು ನನ್ನನ್ನು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕೆಲಸ ಹೋಗುತ್ತದೆಂಬ ಹೆದರಿಕೆ ಇತ್ತು. ಮನೆಯಲ್ಲಿ ಮದುವೆಗೆ ಬಂದ ತಂಗಿ ಇದ್ದಳು. ಆದರೆ ಬಾಯಿಂದ ಹೌದು ಎಂದು ಬಂದ ಆ ಗಳಿಗೆಯಲ್ಲಿ ನಾನು ತಂಗಿಯನ್ನು ನೆನೆದಿರಲಿಲ್ಲ, ಏನನ್ನೂ ನೆನೆದಿರಲಿಲ್ಲ. ಕೇಳಿದರು, ಹೌದು ಎಂದೆ. ಇಷ್ಟೇ. ಆಮೇಲೆ ಅದನ್ನು ಅಲ್ಲ ಎನ್ನಲು ಪ್ರತಿದಿನವೂ ಸಮಯವಿತ್ತು.

ಮರುದಿನ ಅವರು ಕುಂದಾಪುರದ ಆಸ್ಪತ್ರೆಗೆ ಹೊರಟರು. ನನ್ನನ್ನೂ ಕರೆದರು. ಎಳನೀರು ಹಿಡಿದುಕೊಂಡು ಹಿಂದೆ ಹೋದೆ. ಅವರು ಶೀನನ ಮಂಚದ ಹತ್ತಿರ ನಿಂತು, "ಶೀನ, ನನ್ ತಪ್ಪ್ ಮಾರಾಯ್ರೆ. ನಾನ್ ನೀರ್ ಕಂಡದ್ದ್ ತಪ್ಪಿತ್. ಮಾಫ್ ಮಾಡಿ" ಎಂದರು.

ಶೀನನ ಬಲಗೈ ಬಟ್ಟೆಯಲ್ಲಿತ್ತು. "ಬಿಡಿ ಸಾರ್. ಎಡ್ಗೈಯಂಗೆ ಉಂಬುಕೆ ಆಪ್ದಿಲ್ಲೆ ಅಂದ್ ಹೆಂಡ್ತಿ ಈಗಳ್ ಬಾಯಿಗ್ ತುತ್ತ್ ಹಾಕ್ತ್ಳ್. ಮದಿ ಆಯಿ ಇಷ್ಟ್ ವರ್ಷಕ್ಕೆ ಇದೇ ಸುರು" ಎಂದ. ಅವನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕೆಮಿಸ್ಟ್ರಿಗೆ ನಗು ಬರಲಿಲ್ಲ. ನಾನು ಎಳನೀರನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದೆ.

ಯಾರೂ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಹಳೇ ಬಾಯ್ಲರ್, ಯಾರೇನು ಮಾಡಲಾದೀತು ಎಂದು ಸಾಹುಕಾರರು ಹೇಳಿದರು. ಅವರೇ ಬಿಟ್ಟರು. ನಮ್ಮದನ್ನು ಮಾತ್ರವಲ್ಲ, ಗಂಗೊಳ್ಳಿ, ಬ್ರಹ್ಮಾವರ, ಬೈಂದೂರು, ಎಲ್ಲ ಕಡೆ ಹೋಗಿ ಹೇಳಿ ಬಂದರು. ತನ್ನ ಕಣ್ಣನ್ನು ತಾನೇ ನಂಬದವನು ಇನ್ನೊಬ್ಬರ ನೀರಿಗೆ ಸಹಿ ಹಾಕಬಾರದು ಎಂದರಂತೆ. ಬೀಜಾಡಿಯ ಹೆಂಗಸರು ತಂಬಿಗೆ ಹಿಡಿದು ಬಂದರೆ, ಕುಡಿದು ನೋಡಿ, ನನ್ನನ್ನು ಕೇಳಬೇಡಿ ಎಂದು ಒಳಗೆ ಹೋಗುತ್ತಿದ್ದರಂತೆ. ಆಮೇಲೆ ಕೋಟೇಶ್ವರದ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಲ್ ಬರೆಯಲು ಕೂತರು. ಪೈಂಟಿನ ಡಬ್ಬಿ ಕೇಳಿಕೊಂಡು ಯಾರಾದರೂ ಬಂದರೆ ತಾವು ಎದ್ದು ತೆಗೆದುಕೊಡುತ್ತಿರಲಿಲ್ಲ. ಅಂಗಡಿಯ ಹುಡುಗರನ್ನು ಕರೆಯುತ್ತಿದ್ದರು. ಮುಂಬಯಿಯಲ್ಲಿ ಬಣ್ಣವನ್ನೇ ಮಾಡಿದ ಮನುಷ್ಯ.

ಒಂದು ಸಲ ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದರು. ತೊಡೆಯ ಮೇಲೆ ಚೀಲವಿರಲಿಲ್ಲ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವರ ಹಾಗೆ ಕೂತಿದ್ದರು. ಬೆರಳಿನ ಕಪ್ಪು ಹೋಗಿತ್ತು. ನನ್ನ ಮನೆಯವರನ್ನೆಲ್ಲ ವಿಚಾರಿಸಿದ ಮೇಲೆ ಮೆಲ್ಲಗೆ, "ಹ್ವಾಯ್, ಅಲ್ಲಿ ಆ ಬೋರ್ಡ್ ಇತ್ತಲೆ, ಅದ್ ಕೆಂಪಾ, ಕೇಸರಿಯಾ?" ಎಂದು ಕೇಳಿದರು.

"ಕೆಂಪು ಸಾರ್."

"ನಂಗೂ ಕೆಂಪೇ ಕಾಂತ್" ಎಂದರು. ಅವರ ಮುಖದಲ್ಲಿ ಸಣ್ಣ ಮಕ್ಕಳ ಸಮಾಧಾನವಿತ್ತು. ಆಗ ಹೇಳಬಹುದಿತ್ತು. ಬೆಂಚಿನಲ್ಲಿ ನಾವಿಬ್ಬರೇ ಇದ್ದೆವು. ನನಗೆ ಕೆಲಸ ಹೋಗುವ ಹೆದರಿಕೆ ಇರಲಿಲ್ಲ, ಕಾರ್ಖಾನೆ ಮುಚ್ಚಿಯಾಗಿತ್ತು. ತಂಗಿಗೆ ಮದುವೆಯಾಗಿ ಮಕ್ಕಳಾಗಿದ್ದರು. ಬಸ್ ಬಂತು ಎಂದು ನಾನು ಎದ್ದೆ. ಅದು ನನ್ನ ಬಸ್ಸೂ ಆಗಿರಲಿಲ್ಲ.

ಉತ್ತರಕ್ರಿಯೆಯ ಗದ್ದಲ ಮುಗಿದ ಮೇಲೆ ನಾನು ಬೀಜಾಡಿಗೆ ಹೋದೆ. ಅವರ ಹೆಂಡತಿ ಹೊರಗಿನ ಜಗುಲಿಯ ಕಟ್ಟೆಯ ಮೇಲೆ ಕೂತಿದ್ದರು. ನಾನು ಯಾರೆಂದು ಹೇಳಿದೆ. "ಗೊತ್ತಿತ್. ನೀರ್ ತುಂಬ್ಸುವವ್ರ್ ಅಲ್ದಾ? ಕೂಕಣಿ" ಎಂದರು. ನಾನು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಯಲು ಬಹಳ ಹೊತ್ತು ಬೇಕಾಗಲಿಲ್ಲ. ಇಷ್ಟು ಸಣ್ಣ ಮಾತನ್ನೇ ಇಷ್ಟು ವರ್ಷ ಹೊತ್ತುಕೊಂಡಿದ್ದೆ.

ಅವರು ಅಳಲಿಲ್ಲ, ಬೈಯಲೂ ಇಲ್ಲ. "ಕೆಲ್ಸ ಬಿಟ್ಟ್ ಮೇಲ್ ಸುಮಾರ್ ದಿನ ಮನೆಯಂಗೆ ಅದೇ ಆಯ್ತ್" ಎಂದರು. "ನಾನ್ ನೀರಿಗೆ ಉಪ್ಪ್ ಹಾಕಿ ಕೊಡುದ್, ಎಷ್ಟ್ ಹಾಕದ್ದ್ ಅಂದ್ ಹೇಳುದಲ್ಲ. ಅವ್ರ್ ಕಂಡ್ ಹೇಳುದ್. ಒಂದ್ ಸಲವೂ ತಪ್ಪ್ಲಿಲ್ಲೆ. ಕಣ್ ಡಾಕ್ಟ್ರೂ ಸರಿ ಇತ್ತ್ ಅಂದ್ರ್. ಅದ್ರಿಂದ ಅವ್ರಿಗೆ ಮತ್ತೂ ಹೆದ್ರಿಕಿ ಆಯ್ತ್. ಎಲ್ಲಿ ತಪ್ಪದ್ದ್ ಅಂದ್ ಸಿಕ್ದೇ ಇದ್ರೆ ಅದ್ ಮತ್ತೆ ಬತ್ತ್ ಅಂಬ್ರ್. ಕಡಿ ಕಡಿಗೆ ಸಾರಿಗೆ ಉಪ್ ಸರಿ ಇತ್ತಾ ಕಾಣಿ ಅಂದ್ರೂ, ನನ್ನ ಕೇಣ್ಬೇಡ ಅಂಬ್ದ್."

ಅವರು ನನ್ನ ಮುಖವನ್ನೇ ನೋಡಿ ಮುಂದುವರಿಸಿದರು.

"ನಾನ್ ಅಂದೇ ಹೇಳಿದ್ದೆ, ನೀರ್ ತುಂಬ್ಸದವ್ರನ್ ಸಮಾ ಕೇಣಿ ಅಂದ್. ಆ ಜನ ಸುಳ್ ಹೇಳು ಜನ ಅಲ್ಲ, ಹಾಂಗ್ ಮಾತಾಡ್ಬೇಡ ಅಂದ್ ನಂಗೇ ಬೈದ್ರ್. ಅವ್ರ್ ನಂಗೆ ದೊಡ್ಡ ಸ್ವರದಂಗೆ ಬೈದದ್ದ್ ಅದೊಂದೇ ದಿನ."

"ಅಕ್ಕ" ಎಂದೆ.

"ಕಡಿ ತನಕ ಅವ್ರಿಗೆ ಕಿವಿ ಲಾಯ್ಕ್ ಕೇಂತಿತ್ತ್" ಎಂದರು. "ನೀವ್ ಬಂದ್ ಹೇಳಿದ್ರೆ ಕೇಂತಿತ್ತ್."

ಆಮೇಲೆ ಎದ್ದು ಒಳಗೆ ಹೋಗುವಾಗ ಬಾಗಿಲಲ್ಲಿ ನಿಂತು, "ಶೀನ ಇದ್ದ ಅಲ್ದಾ? ಅವ್ನಿಗಾರೂ ಹೇಳಿ" ಎಂದರು.

ಉಪ್ಪುಂದದಲ್ಲಿ ರಸ್ತೆಯ ಬದಿಗೆ ಶೀನನ ಗೂಡಂಗಡಿ. ಬಲಗೈಯ ಬೆರಳುಗಳು ಒಳಕ್ಕೆ ಮಡಚಿಕೊಂಡಿವೆ. ಎಡಗೈಯಿಂದಲೇ ಬಾಳೆಗೊನೆಯಿಂದ ಹಣ್ಣು ಕೀಳುತ್ತಾನೆ, ಚಿಲ್ಲರೆ ಕೊಡುತ್ತಾನೆ. ನನ್ನನ್ನು ಕಂಡು, "ಹ್ವಾಯ್, ಎಂತ ಇಷ್ಟ್ ದೂರ? ನನ್ನ ಅಂಗ್ಡಿ ಬಾಳೆಹಣ್ಣ್ ಅಷ್ಟ್ ಹೆಸ್ರಾಯಿತ್ತಾ?" ಎಂದ. ಗಿರಾಕಿಗಳು ಹೋದ ಮೇಲೆ ಹೇಳಿದೆ. ಕೋಳಿ ಅಂಕದಿಂದ ಹಿಡಿದು ಆಸ್ಪತ್ರೆಯವರೆಗೆ. ನಡುವೆ ಒಬ್ಬರು ಬೀಡಿಗೆ ಬಂದರೆ ಅವನು ಕೈಯಾಡಿಸಿ ಆಮೇಲೆ ಬರಲು ಹೇಳಿದ. ಅವನು ಹೊಡೆದರೆ ಹೊಡೆಯಲಿ ಎಂದು ನಾನು ಹತ್ತಿರವೇ ನಿಂತಿದ್ದೆ.

"ಅವ್ರ್ ವರ್ಷಕ್ಕೊಂದ್ ಸಲ ಬಪ್ದ್, ನಿಂಗ್ ಗೊತ್ತಿತ್ತಾ?" ಎಂದ. "ಬೀಜಾಡಿಯಿಂದ ಇಲ್ಲಿಗೆ, ಬಸ್ಸಂಗೆ. ಬಂದ್ ಈ ಬೆಂಚಂಗೆ ಕೂಕಂಡ್ ನನ್ ಕೈ ಹಿಡ್ಕಂಡ್ ಕಾಂಬ್ದ್. ಮಾಫ್ ಮಾಡಿ ಶೀನ ಅಂಬ್ದ್. ನಾನ್ ಎಂತಾರೂ ಹೇಳಿ ನೆಗಿ ಮಾಡ್ತಿದ್ದೆ. ಅವ್ರಿಗೆ ನೆಗಿ ಬತ್ತಿರ್ಲಿಲ್ಲೆ. ಆಚೆ ವರ್ಷ ಬಂದಾಗ ತೀರಾ ಸೋತಿದ್ರ್. ಕಾಂಬುಕೆ ಆಯ್ಲಿಲ್ಲೆ ನಂಗೆ. ಆಯ್ತ್ ಸಾರ್, ಮಾಫ್ ಮಾಡಿದೆ, ಇನ್ ಬರ್ಬೇಡಿ ಅಂದೆ. ಅಷ್ಟ್ ದೊಡ್ಡ ಜನ, ನನ್ನ ಅಂಗ್ಡಿ ಎದ್ರ್ ಕೂಕಂಡ್ ಕಣ್ಣೀರ್ ಹಾಕಿ ಮರ್ಕಿದ್ರ್."

ಅವನು ಮಡಚಿದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತಿದ್ದ.

"ಅವ್ರ್ ಎಂತದೂ ಮಾಡ್ಲೇ ಇಲ್ಲೆ ಅಂತಾದ್ರೆ, ನಾನ್ ಅವ್ರಿಗ್ ಕೊಟ್ಟ ಮಾಫಿ ಈಗ ಎಂತ ಮಾಡುದ್ ಮಾರಾಯ?"

ಆ ಮಾಫಿ ನನಗೆ ಬೇಕಿತ್ತು. ನಾನು ಕೇಳಲಿಲ್ಲ. ಅವನೂ ಕೊಡಲಿಲ್ಲ.